ಸಂಕೇತಗಳು ಮತ್ತು ವ್ಯವಸ್ಥೆಗಳು: ಒಂದು ಪಾಠ

ಬಾಗಲಕೋಟೆಯಲ್ಲಿ ಬಸವೇಶ್ವರ ಇಂಜಿನಿಯರಿಂಗ್ ಮಹಾವಿದ್ಯಾಲಯವು ೧೯೬೩ರಲ್ಲಿ ಆರಂಭಗೊಂಡಿತು. ಅಲ್ಲಿಂದೀಚೆಗೆ ಹುನಗುಂದ, ಇಳಕಲ್ಲ, ಬಾದಾಮಿಗಳ ಪ್ರೌಢಶಾಲೆಗಳಲ್ಲಿ ಗಣಿತವನ್ನೂ ವಿಜ್ಞಾನವನ್ನೂ ಕನ್ನಡದಲ್ಲಿಯೇ ಓದಿ ಬಂದ ವಿದ್ಯಾರ್ಥಿಗಳಿಗೆ ಈ ವಿದ್ಯೆಯು ಬಸ್ಸಿನ ಹಾದಿಯಷ್ಟು ಹತ್ತಿರವಾಯಿತು. ಊರು ಹತ್ತಿರವಾದರೂ ವಿದ್ಯೆಯ ಒಳಹೊಗಲು ದಾಟಬೇಕಾದ ಹೊಸ್ತಿಲುಗಳು ಕೆಲವು ಉಳಿದೇ ಇವೆ. ಇಲೆಕ್ಟ್ರಾನಿಕ್ಸ್ ಹಾಗೂ ವಿದ್ಯುತ್ ಶಾಖೆಗಳನ್ನು ಆರಿಸಿಕೊಂಡವರಿಗೆ ಸಾಮಾನ್ಯವಾಗಿ ಎರಡನೆಯ ವರ್ಷದಲ್ಲಿ ಎದುರಾಗುವ ‘ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್’, ಎಂದರೆ ಸಂಕೇತಗಳು ಮತ್ತು ವ್ಯವಸ್ಥೆಗಳು ಎಂಬ ವಿಷಯವು ಅವುಗಳಲ್ಲಿ ತುಸು ಎತ್ತರದ್ದು.

ಪುಸ್ತಕ ತೆರೆದ ಕೆಲವೇ ದಿನಗಳಲ್ಲಿ ವಿದ್ಯಾರ್ಥಿಯ ಮುಂದೆ ಒಂದು ಅನುಕಲನ ಬರುತ್ತದೆ. ಅದರೊಳಗೆ ‘ಟಿ’ ಎಂಬ ಒಂದು ಅಕ್ಷರ, ‘ಟೌ’ ಎಂಬ ಇನ್ನೊಂದು ಅಕ್ಷರ. ಎರಡೂ ಕಾಲವನ್ನೇ ಸೂಚಿಸುತ್ತವೆಯೆಂದು ಹೇಳಲಾಗುತ್ತದೆ. ಅವುಗಳಲ್ಲಿ ಒಂದನ್ನು ಹಿಮ್ಮುಖವಾಗಿ ತಿರುಗಿಸಬೇಕು, ಆಮೇಲೆ ಸರಿಸಬೇಕು, ಆಮೇಲೆ ಗುಣಿಸಿ ಕೂಡಿಸಬೇಕು. ಏಕೆ ತಿರುಗಿಸಬೇಕೆಂಬ ಪ್ರಶ್ನೆಯು ಬಹುಮಂದಿಯ ಮನಸ್ಸಿನಲ್ಲಿ ಹುಟ್ಟಿ, ಕೇಳುವ ಧೈರ್ಯವಿಲ್ಲದೆ ಅಲ್ಲಿಯೇ ಅಡಗುತ್ತದೆ. ಸೂತ್ರವು ಬಾಯಿಪಾಠವಾಗುತ್ತದೆ; ಪರೀಕ್ಷೆಯು ಹೇಗೋ ದಾಟುತ್ತದೆ; ವಿಷಯ ಮಾತ್ರ ಹೊರಗೇ ನಿಲ್ಲುತ್ತದೆ. ಇದಕ್ಕೆ ಇಂಗ್ಲಿಷ್ ಭಾಷೆಯನ್ನೇ ದೂರುವುದು ರೂಢಿ. ಭಾಷೆಯ ತೊಡಕು ಇದ್ದದ್ದೇ ಹೌದು. ಆದರೆ ಇಂಗ್ಲಿಷಿನಲ್ಲಿಯೇ ಓದಿ ಬೆಳೆದವರೂ ಇದೇ ಅನುಕಲನದ ಮುಂದೆ ಇದೇ ರೀತಿ ನಿಲ್ಲುತ್ತಾರೆಂಬುದನ್ನು ಮರೆಯಲಾಗದು. ಗಣಿತದ ಇನ್ನೊಂದು ಪತ್ರಿಕೆಯೆಂದು ಬಗೆದು ಇದನ್ನು ಓದತೊಡಗುವುದೇ ಮುಖ್ಯವಾದ ಅಡ್ಡಿ. ವಾಸ್ತವದಲ್ಲಿ ಈ ವಿಷಯದ ತಿರುಳು ಒಂದು ಸರಳವಾದ ಭರವಸೆ ಮತ್ತು ಆ ಭರವಸೆಗೆ ಹಾಕಿದ ಎರಡು ಷರತ್ತುಗಳು. ಭರವಸೆಯನ್ನು ಎಲ್ಲರೂ ಕಲಿಯುತ್ತಾರೆ. ಷರತ್ತುಗಳನ್ನು ಪರೀಕ್ಷಿಸಲು ಕಲಿಯುವವರು ವಿರಳ.

ಮೊದಲು ಹೆಸರುಗಳ ಅರ್ಥ. ಕಾಲದೊಡನೆಯೋ ಸ್ಥಳದೊಡನೆಯೋ ಬದಲಾಗುತ್ತ ಏನನ್ನಾದರೂ ತಿಳಿಸುವ ಯಾವುದೇ ಪರಿಮಾಣವೂ ಸಂಕೇತವೇ. ಧ್ವನಿವರ್ಧಕದ ತಂತಿಯಲ್ಲಿ ಹರಿಯುವ ವಿದ್ಯುತ್ತು ಸಂಕೇತ. ಸೇತುವೆಯ ಕಂಬದ ಮೇಲೆ ಗಂಟೆಗೊಮ್ಮೆ ಗುರುತಿಸಿದ ಮಲಪ್ರಭೆಯ ನೀರಿನ ಮಟ್ಟವೂ ಸಂಕೇತ. ಒಂದು ಸಂಕೇತವನ್ನು ಒಳಗೆ ತೆಗೆದುಕೊಂಡು ಇನ್ನೊಂದನ್ನು ಹೊರಗೆ ಕೊಡುವಂಥದು ವ್ಯವಸ್ಥೆ. ಅದು ತಂತಿ ಸುತ್ತಿದ ಪೆಟ್ಟಿಗೆಯೇ ಆಗಿರಬೇಕೆಂಬ ನಿಯಮವಿಲ್ಲ. ಹಳ್ಳವೂ ಒಂದು ವ್ಯವಸ್ಥೆ: ಮಳೆ ಒಳಹೋಗುತ್ತದೆ, ಪ್ರವಾಹ ಹೊರಬರುತ್ತದೆ. ಅಲೆನ್ ಓಪನ್‌ಹೈಮ್ ಮತ್ತು ಅಲೆನ್ ವಿಲ್ಸ್ಕಿ ಇವರು ರಚಿಸಿದ, ೧೯೮೩ರಲ್ಲಿ ಮೊದಲು ಅಚ್ಚಾದ ಪಠ್ಯವು ನಿರಂತರ ಸಂಕೇತಗಳನ್ನೂ ಬಿಡಿಬಿಡಿಯಾದ ಸಂಕೇತಗಳನ್ನೂ ಜೊತೆಜೊತೆಯಾಗಿಯೇ ಕಲಿಸಿತು. ಅದಕ್ಕೆ ಮುಂಚೆ ಈ ಸಾಮಗ್ರಿಯು ಬಹುಮಟ್ಟಿಗೆ ವಿದ್ಯುನ್ಮಂಡಲ, ಸಂಪರ್ಕ, ನಿಯಂತ್ರಣ ಮುಂತಾದ ಬೇರೆ ಬೇರೆ ಪಾಠಗಳಲ್ಲಿ ಹಂಚಿಹೋಗಿತ್ತು.

ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯ ಮೇಲೆ ನಿಂತು ಒಬ್ಬನು ಒಮ್ಮೆ ಚಪ್ಪಾಳೆ ತಟ್ಟಿದನೆಂದು ಭಾವಿಸೋಣ. ಎದುರಿನ ಕೆಂಗಲ್ಲಿನ ಕಡಿದಾದ ಗೋಡೆಯು ೮೫ ಮೀಟರ್ ದೂರದಲ್ಲಿದ್ದರೆ ಧ್ವನಿಯು ಹೋಗಿ ಬರಲು ೧೭೦ ಮೀಟರ್ ಕ್ರಮಿಸಬೇಕು. ಧ್ವನಿಯ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರ್ ಆದುದರಿಂದ ಅರ್ಧ ಸೆಕೆಂಡಿನ ತರುವಾಯ ಚಪ್ಪಾಳೆಯು ಕ್ಷೀಣವಾಗಿ ಮರಳುತ್ತದೆ. ಇನ್ನೂ ದೂರದ ಬಂಡೆಗಳಿಂದ ಇನ್ನೂ ತಡವಾಗಿ, ಇನ್ನೂ ಕ್ಷೀಣವಾಗಿ ಬೇರೆ ಮರುದನಿಗಳು ಬರಬಹುದು. ಹೀಗೆ ಒಂದೇ ಒಂದು ಚಿಕ್ಕ ಪೆಟ್ಟಿಗೆ ವ್ಯವಸ್ಥೆಯು ಕೊಡುವ ಪೂರ್ಣ ಉತ್ತರಕ್ಕೆ ‘ಇಂಪಲ್ಸ್ ರೆಸ್ಪಾನ್ಸ್’ ಎಂದು ಹೆಸರು. ಕನ್ನಡದಲ್ಲಿ ಪೆಟ್ಟಿನ ಮರುಳಿಕೆ ಎನ್ನಬಹುದು. ವಿಜಯಪುರದ ಗೋಲಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಹುಡುಗರು ಕೂಗಿ ಎಣಿಸುವುದೂ ಅದನ್ನೇ.

ಭರವಸೆಯು ಇಷ್ಟು: ಒಂದು ಪೆಟ್ಟಿನ ಮರುಳಿಕೆಯನ್ನು ಅರಿತವನು, ಆ ವ್ಯವಸ್ಥೆಗೆ ಯಾವ ಸಂಕೇತವನ್ನು ಕೊಟ್ಟರೂ ಹೊರಬರುವುದು ಏನೆಂದು ಲೆಕ್ಕ ಹಾಕಿ ಹೇಳಬಲ್ಲನು. ಏಕೆಂದರೆ ಎಂತಹ ಸಂಕೇತವನ್ನಾದರೂ ಒಂದರ ಹಿಂದೊಂದು ಬೀಳುವ ಚಿಕ್ಕ ಪೆಟ್ಟುಗಳ ಸಾಲೆಂದು ಕಾಣಬಹುದು. ಇದಕ್ಕಿರುವ ಷರತ್ತುಗಳಲ್ಲಿ ಮೊದಲನೆಯದು ರೇಖೀಯತೆ: ಕಾರಣವು ಇಮ್ಮಡಿಯಾದರೆ ಪರಿಣಾಮವೂ ಇಮ್ಮಡಿಯಾಗಬೇಕು, ಎರಡು ಕಾರಣಗಳು ಕೂಡಿದರೆ ಅವುಗಳ ಪರಿಣಾಮಗಳೂ ಹಾಗೆಯೇ ಕೂಡಬೇಕು. ಎರಡನೆಯದು ಕಾಲದೊಡನೆ ವ್ಯವಸ್ಥೆಯ ಸ್ವಭಾವ ಬದಲಾಗದಿರುವುದು: ಇಂದಿನ ಪೆಟ್ಟಿಗೆ ಬಂದ ಉತ್ತರವೇ ನಾಳೆಯ ಪೆಟ್ಟಿಗೂ ಬರಬೇಕು.

ಇದನ್ನು ಅಂಕಿಗಳಲ್ಲಿ ಕಾಣಲು ಹುನಗುಂದ ಸೀಮೆಯ ಒಂದು ಹಳ್ಳವನ್ನು ಕಲ್ಪಿಸಿಕೊಳ್ಳೋಣ. ಇಂಗಿಹೋದುದನ್ನು ಕಳೆದು ಒಂದು ಗಂಟೆಯಲ್ಲಿ ೧ ಸೆಂಟಿಮೀಟರ್ ಮಳೆ ಹರಿದು ಬಂದರೆ, ಸೇತುವೆಯ ಕೆಳಗೆ ಮೊದಲನೆಯ ಗಂಟೆಯಲ್ಲಿ ೧ ಪಾಲು, ಎರಡನೆಯದರಲ್ಲಿ ೩, ಮೂರನೆಯದರಲ್ಲಿ ೨, ನಾಲ್ಕನೆಯದರಲ್ಲಿ ೧ ಪಾಲು ನೀರು ಹರಿದು ಅಲ್ಲಿಗೆ ಮುಗಿಯುತ್ತದೆ ಎನ್ನೋಣ. ಒಟ್ಟು ೭ ಪಾಲು. ಈಗ ಮೊದಲ ಗಂಟೆ ೨ ಸೆಂಟಿಮೀಟರ್, ಎರಡನೆಯ ಗಂಟೆ ೧ ಸೆಂಟಿಮೀಟರ್ ಮಳೆಯಾಯಿತು. ಮೊದಲ ಮಳೆಯ ನೀರು ೨, ೬, ೪, ೨ ಎಂಬ ಕ್ರಮದಲ್ಲಿ ಬರುತ್ತದೆ. ಎರಡನೆಯ ಮಳೆಯ ನೀರು ಒಂದು ಗಂಟೆ ತಡವಾಗಿ ೧, ೩, ೨, ೧ ಎಂದು ಬರುತ್ತದೆ. ಗಂಟೆಗಂಟೆಗೆ ಸರಿಯಾಗಿ ಕೂಡಿಸಿದರೆ ೨, ೭, ೭, ೪, ೧. ಇವುಗಳ ಮೊತ್ತ ೨೧, ಒಟ್ಟು ಮಳೆ ೩ ಸೆಂಟಿಮೀಟರ್, ಸೆಂಟಿಮೀಟರಿಗೆ ೭ ಪಾಲು, ಲೆಕ್ಕ ಸರಿಹೋಯಿತು. ಮಳೆಯ ಜೋರು ಮೊದಲನೆಯ ಗಂಟೆಯಲ್ಲಿದ್ದರೂ ಹಳ್ಳದ ಜೋರು ಎರಡನೆಯ ಮತ್ತು ಮೂರನೆಯ ಗಂಟೆಗಳಲ್ಲಿ ಬಂದಿತೆಂಬುದನ್ನೂ ನೋಡಬೇಕು.

ವಿದ್ಯಾರ್ಥಿಯು ಅಂಜುವ ‘ಕನ್ವಲ್ಯೂಷನ್’ ಎಂಬ ಕ್ರಿಯೆ ಇಷ್ಟೇ. ಈಗ ತಿರುಗಿಸುವ ಪ್ರಶ್ನೆಗೆ ಬರೋಣ. ಮೂರನೆಯ ಗಂಟೆಯಲ್ಲಿ ಸೇತುವೆಯ ಮೇಲೆ ನಿಂತವನ ಕಾಲ ಕೆಳಗೆ ಹರಿಯುತ್ತಿರುವ ೭ ಪಾಲು ನೀರು ಎಲ್ಲಿಯದು? ಮೊದಲ ಗಂಟೆಯ ಮಳೆಗೆ ಆಗ ವಯಸ್ಸಾಗಿದೆ. ಅದು ತನ್ನ ಮೂರನೆಯ ಪಾಲನ್ನು, ಎಂದರೆ ಎರಡೆರಡಲ ನಾಲ್ಕನ್ನು ಕೊಡುತ್ತಿದೆ. ಎರಡನೆಯ ಗಂಟೆಯ ಮಳೆ ಇನ್ನೂ ಎಳೆಯದು. ಅದು ತನ್ನ ಎರಡನೆಯ ಪಾಲಾದ ಮೂರನ್ನು ಕೊಡುತ್ತಿದೆ. ಹಳೆಯ ಮಳೆಗೆ ಮರುಳಿಕೆಯ ಕೊನೆಯ ಭಾಗ, ಹೊಸ ಮಳೆಗೆ ಅದರ ಮೊದಲ ಭಾಗ ಜೋಡಿಯಾಗುತ್ತವೆ. ಎರಡು ಪಟ್ಟಿಗಳನ್ನು ಒಂದರ ಕೆಳಗೊಂದು ಬರೆದು ಗುಣಿಸಬೇಕಾದರೆ ಒಂದನ್ನು ಹಿಮ್ಮುಖವಾಗಿ ಬರೆಯಲೇಬೇಕಾಗುವುದು ಈ ಕಾರಣದಿಂದ. ಟೌ ಎಂಬುದು ಮಳೆ ಬಿದ್ದ ಗಳಿಗೆ. ಟಿ ಎಂಬುದು ನೋಡುವವನು ಸೇತುವೆಯ ಮೇಲೆ ನಿಂತ ಗಳಿಗೆ. ಟಿಯಲ್ಲಿ ಟೌವನ್ನು ಕಳೆದರೆ ಉಳಿಯುವುದು ಆ ಮಳೆಯ ವಯಸ್ಸು. ಇಷ್ಟು ತಿಳಿದವನಿಗೆ ಸೂತ್ರವನ್ನು ಬಾಯಿಪಾಠ ಮಾಡುವ ಅಗತ್ಯ ಬೀಳದು.

ಈ ದೃಷ್ಟಾಂತವು ಪಾಠಕ್ಕೆಂದು ಕಟ್ಟಿದ ಕತೆಯೂ ಅಲ್ಲ. ಅಮೆರಿಕೆಯ ಎಲ್. ಕೆ. ಶರ್ಮನ್ ಎಂಬವರು ೧೯೩೨ರಲ್ಲಿ ಪ್ರಕಟಿಸಿದ ‘ಯುನಿಟ್ ಹೈಡ್ರೋಗ್ರಾಫ್’ ವಿಧಾನವು ಇದೇ. ಸಿವಿಲ್ ಶಾಖೆಯವರು ಅದನ್ನು ಜಲಶಾಸ್ತ್ರದ ಪಾಠದಲ್ಲಿ ಓದುತ್ತಾರೆ, ಇಲೆಕ್ಟ್ರಾನಿಕ್ಸ್ ಶಾಖೆಯವರು ಕನ್ವಲ್ಯೂಷನ್ ಓದುತ್ತಾರೆ. ಒಂದೇ ಕಟ್ಟಡದ ಎರಡು ಅಂತಸ್ತುಗಳಲ್ಲಿ ಒಂದೇ ಲೆಕ್ಕ ನಡೆಯುತ್ತಿದ್ದರೂ ಪರಸ್ಪರ ಅರಿಯದೆ ಹೋಗುವುದುಂಟು.

ಇನ್ನು ಷರತ್ತುಗಳು ಮುರಿಯುವ ಬಗೆ. ಬಿಸಿಲಿಗೆ ಬಿರಿದ ಎರೆಹೊಲವು ಮುಂಗಾರಿನ ಮೊದಲ ಮಳೆಯನ್ನು ಬಿರುಕುಗಳೊಳಗೆ ಕುಡಿದುಬಿಡುತ್ತದೆ. ಹಳ್ಳಕ್ಕೆ ಹನಿಯೂ ಬಾರದೆ ಇರಬಹುದು. ಅದೇ ಹೊಲವು ಭಾದ್ರಪದದ ಹೊತ್ತಿಗೆ ನೆನೆದು ಉಬ್ಬಿ ಬಿರುಕು ಮುಚ್ಚಿಕೊಂಡ ಮೇಲೆ ಅಷ್ಟೇ ಮಳೆಯ ಬಹುಭಾಗವನ್ನು ಹೊರದೂಡುತ್ತದೆ. ಪೆಟ್ಟು ಒಂದೇ, ಮರುಳಿಕೆ ಬೇರೆ. ಎರಡನೆಯ ಷರತ್ತು ಇಲ್ಲಿ ಬಿದ್ದುಹೋಯಿತು. ಮೇಲೆ ಲೆಕ್ಕ ಹಾಕುವಾಗ ಇಂಗಿಹೋದುದನ್ನು ಕಳೆದು ಎಂದು ಹೇಳಿದ್ದು ಇದಕ್ಕಾಗಿಯೇ: ಕೆಟ್ಟ ಭಾಗವನ್ನು ಮೊದಲೇ ಬೇರ್ಪಡಿಸಿ, ಉಳಿದುದಕ್ಕೆ ಮಾತ್ರ ಭರವಸೆಯನ್ನು ಅನ್ವಯಿಸಲಾಯಿತು. ಇಂಜಿನಿಯರನ ಜಾಣತನದ ಅರ್ಧವು ಇಂತಹ ಬೇರ್ಪಡಿಕೆಯಲ್ಲಿಯೇ ಇದೆ.

ಮೊದಲನೆಯ ಷರತ್ತಿನ ಪರೀಕ್ಷೆಯು ಇನ್ನೂ ಗಂಭೀರವಾದುದು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯು ನವಿಲುತೀರ್ಥದ ಜಲಾಶಯವನ್ನು ದಾಟಿ, ಪಟ್ಟದಕಲ್ಲು, ಐಹೊಳೆಗಳ ಬಳಿ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಸಂಗಮಕ್ಕೆ ಮೇಲೆ ಕೃಷ್ಣೆಯ ಮೇಲೆ ಆಲಮಟ್ಟಿಯ ಅಣೆಕಟ್ಟು, ಕೆಳಗೆ ನಾರಾಯಣಪುರದ ಅಣೆಕಟ್ಟು. ಕೃಷ್ಣೆಯಲ್ಲಿ ಸೆಕೆಂಡಿಗೆ ಇಷ್ಟು ಘನಮೀಟರ್, ಮಲಪ್ರಭೆಯಲ್ಲಿ ಇಷ್ಟು ಘನಮೀಟರ್ ಬರುತ್ತಿದೆಯೆಂದರೆ, ಸಂಗಮದಿಂದ ಮುಂದೆ ಹೋಗುವ ನೀರು ಅವುಗಳ ಮೊತ್ತ. ನೀರು ಕೂಡುತ್ತದೆ; ಇದರಲ್ಲಿ ಸಂಶಯವಿಲ್ಲ. ಆದರೆ ನೀರಿನ ಮಟ್ಟವು ಹಾಗೆ ಕೂಡುವುದಿಲ್ಲ. ಒಂದು ನದಿಯಿಂದ ೨ ಮೀಟರ್, ಇನ್ನೊಂದರಿಂದ ೩ ಮೀಟರ್ ಏರಿಕೆಯಾದರೆ ಒಟ್ಟು ೫ ಮೀಟರ್ ಎಂದು ಹೇಳುವಂತಿಲ್ಲ. ಪಾತ್ರವು ಕಿರಿದಾದಲ್ಲಿ ಮಟ್ಟ ಬೇಗ ಏರುತ್ತದೆ. ನೀರು ದಂಡೆ ಮೀರಿ ಹೊಲಗಳಿಗೆ ಹರಡಿದಲ್ಲಿ ನಿಧಾನವಾಗಿ ಏರುತ್ತದೆ. ಮೇಲಾಗಿ ಕೃಷ್ಣೆಯು ತುಂಬಿ ನಿಂತಾಗ ಮಲಪ್ರಭೆಯ ನೀರಿಗೆ ಹೋಗಲು ದಾರಿ ಸಾಲದೆ ಅದು ಹಿಂದಕ್ಕೆ ಒತ್ತರಿಸುತ್ತದೆ. ಒಂದರ ಪರಿಣಾಮವು ಇನ್ನೊಂದರ ಇರವನ್ನು ಅವಲಂಬಿಸುವುದರಿಂದ ರೇಖೀಯತೆ ಇಲ್ಲಿ ಉಳಿಯುವುದಿಲ್ಲ.

೨೦೦೯ರ ಮತ್ತು ೨೦೧೯ರ ನೆರೆಗಳನ್ನು ಕಂಡ ಈ ಜಿಲ್ಲೆಯ ಜನರಿಗೆ ಇದರ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ೨೦೧೯ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ದೇಗುಲಗಳ ಆವರಣಕ್ಕೂ ಮಲಪ್ರಭೆಯ ನೀರು ನುಗ್ಗಿತು. ಅಣೆಕಟ್ಟಿನಿಂದ ಹೊರಬಿಟ್ಟ ನೀರು ಕೆಳಗಿನ ಊರನ್ನು ಮುಟ್ಟುವಾಗ ತಡವಾಗಿ, ಹರಡಿಕೊಂಡು, ಶಿಖರ ತಗ್ಗಿ ಬರುತ್ತದೆ. ಎಷ್ಟು ತಡ, ಎಷ್ಟು ತಗ್ಗು ಎಂಬುದನ್ನು ಸಾಧಾರಣ ಪ್ರವಾಹಗಳ ಅನುಭವದಿಂದ ಲೆಕ್ಕ ಹಾಕಬಹುದು. ಆದರೆ ಆ ಲೆಕ್ಕವನ್ನೇ ದಂಡೆ ಮೀರಿದ ಪ್ರವಾಹಕ್ಕೆ ಅನ್ವಯಿಸಿದವನು ದಂಡೆಯ ಮೇಲಿನ ಮನೆಯವರಿಗೆ ತಪ್ಪು ಗಳಿಗೆಯನ್ನು ಹೇಳುತ್ತಾನೆ. ಪರೀಕ್ಷೆಯಲ್ಲಿ ‘ಈ ವ್ಯವಸ್ಥೆಯು ರೇಖೀಯವೋ ಅಲ್ಲವೋ ಸಿದ್ಧಪಡಿಸಿ’ ಎಂಬ ಪ್ರಶ್ನೆಗೆ ಸಿಗುವ ಅಂಕಗಳು ಕಡಮೆಯಿರಬಹುದು. ದನಕರುಗಳನ್ನು ಬಿಚ್ಚಿಕೊಂಡು ಮನೆ ಬಿಡುವುದು ಸಂಜೆಗೋ ನಡುರಾತ್ರಿಗೋ ಎಂಬ ಪ್ರಶ್ನೆಯೂ ಅದರೊಳಗೇ ಅಡಗಿದೆ.

ಪೆಟ್ಟುಗಳ ಸಾಲಾಗಿ ಸಂಕೇತವನ್ನು ಒಡೆಯುವುದು ಒಂದು ದಾರಿ. ಪಠ್ಯದ ಮುಂದಿನ ಅರ್ಧವು ಇನ್ನೊಂದು ದಾರಿಯನ್ನು ತೋರಿಸುತ್ತದೆ: ಸಂಕೇತವನ್ನು ಬೇರೆ ಬೇರೆ ಆವೃತ್ತಿಯ ಅಲೆಗಳಾಗಿ ಒಡೆಯುವುದು. ಫ್ರಾನ್ಸಿನ ಜೋಸೆಫ್ ಫೂರಿಯೆ ಎಂಬ ಗಣಿತಜ್ಞನು ಘನವಸ್ತುಗಳಲ್ಲಿ ಉಷ್ಣವು ಹರಿಯುವ ಬಗೆಯನ್ನು ಕುರಿತು ೧೮೦೭ರಲ್ಲಿ ಪ್ರಬಂಧವನ್ನು ಮಂಡಿಸಿ, ೧೮೨೨ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಇಂದು ರೇಡಿಯೋ, ದೂರವಾಣಿಗಳ ಶಾಸ್ತ್ರಕ್ಕೆ ತಳಹದಿಯಾಗಿರುವ ಫೂರಿಯೆ ವಿಶ್ಲೇಷಣೆಯು ಬಿಸಿಯ ಲೆಕ್ಕದಿಂದ ಹುಟ್ಟಿತೆಂಬುದನ್ನು ತರಗತಿಯಲ್ಲಿ ಒಮ್ಮೆ ಹೇಳಿ ಮುಂದೆ ಸಾಗುತ್ತಾರೆ. ಅಲ್ಲಿ ನಿಂತು ನೋಡಿದರೆ ಲಾಭವುಂಟು.

ಈ ಸೀಮೆಯ ಹಳೆಯ ಊರುಗಳಲ್ಲಿ ಜೋಳವನ್ನು ತುಂಬಿಡಲು ನೆಲದೊಳಗೆ ಹಗೇವು ತೋಡುತ್ತಿದ್ದರು. ಮೇಲೆ ಚೈತ್ರದ ಬಿಸಿಲು ಸುಡುತ್ತಿದ್ದರೂ ಹಗೇವಿನ ಆಳದಲ್ಲಿ ಹಗಲು ರಾತ್ರಿಗಳ ವ್ಯತ್ಯಾಸವೇ ತಿಳಿಯದು. ನೆಲದ ಮೇಲ್ಮೈಯ ಉಷ್ಣತೆಯಲ್ಲಿ ಎರಡು ಮುಖ್ಯ ಅಲೆಗಳಿವೆ: ದಿನಕ್ಕೊಮ್ಮೆ ಏರಿಳಿಯುವುದೊಂದು, ವರ್ಷಕ್ಕೊಮ್ಮೆ ಏರಿಳಿಯುವುದೊಂದು. ಮಣ್ಣು ಎರಡನ್ನೂ ತಗ್ಗಿಸುತ್ತದೆ, ಆದರೆ ಸಮನಾಗಿ ತಗ್ಗಿಸುವುದಿಲ್ಲ. ಅಲೆಯು ಇಳಿಯುವ ಆಳವು ಅದರ ಅವಧಿಯ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ೩೬೫ರ ವರ್ಗಮೂಲ ಸುಮಾರು ೧೯. ಆದಕಾರಣ ದಿನದ ಅಲೆಯು ೧೦ ಸೆಂಟಿಮೀಟರ್ ಆಳದಲ್ಲಿ ನೂರಕ್ಕೆ ೩೭ರಷ್ಟಕ್ಕೆ ಇಳಿದರೆ, ವರ್ಷದ ಅಲೆಯು ಅಷ್ಟಕ್ಕೆ ಇಳಿಯಲು ಸುಮಾರು ೧೯೦ ಸೆಂಟಿಮೀಟರ್ ಹೋಗಬೇಕು. ಆ ಆಳದಲ್ಲಿ ದಿನದ ಅಲೆಯು ಲೆಕ್ಕಕ್ಕೇ ಇಲ್ಲ. ವರ್ಷದ ಅಲೆ ಮಾತ್ರ ಇದೆ, ಅದೂ ಸುಮಾರು ೫೮ ದಿನ ತಡವಾಗಿ. ಬೇಸಿಗೆಯ ಸೆಕೆಯು ಹಗೇವಿನ ತಳವನ್ನು ಮುಟ್ಟುವಷ್ಟರಲ್ಲಿ ಮೇಲೆ ಮಳೆಗಾಲ ಹಿಡಿದಿರುತ್ತದೆ.

ವೇಗದ ಅಲೆಗಳನ್ನು ತಡೆದು ನಿಧಾನದ ಅಲೆಗಳನ್ನು ಒಳಬಿಡುವ ಇಂತಹ ವ್ಯವಸ್ಥೆಗೆ ಇಲೆಕ್ಟ್ರಾನಿಕ್ಸಿನವರು ‘ಲೋ ಪಾಸ್ ಫಿಲ್ಟರ್’ ಎನ್ನುತ್ತಾರೆ. ಅವರು ರೋಧಕ, ಧಾರಕಗಳಿಂದ ಕಟ್ಟುವ ಶೋಧಕವನ್ನು ಹಿರಿಯರು ಮಣ್ಣಿನಿಂದ ಪಡೆದಿದ್ದರು. ಇಲ್ಲಿ ಗಮನಿಸತಕ್ಕ ಮುಖ್ಯಾಂಶವೊಂದಿದೆ. ದಿನಕ್ಕೊಮ್ಮೆ ಏರಿಳಿಯುವ ಅಲೆಯು ನೆಲದೊಳಗೆ ಹೋದರೆ ಅಲ್ಲಿಯೂ ದಿನಕ್ಕೊಮ್ಮೆಯೇ ಏರಿಳಿಯುತ್ತದೆ. ಚಿಕ್ಕದಾಗುತ್ತದೆ, ತಡವಾಗುತ್ತದೆ, ಅವಧಿ ಮಾತ್ರ ಬದಲಾಗದು. ಎರಡು ಷರತ್ತುಗಳನ್ನೂ ಪಾಲಿಸುವ ಎಲ್ಲ ವ್ಯವಸ್ಥೆಗಳಿಗೂ ಈ ಮಾತು ಸಲ್ಲುತ್ತದೆ. ಚೌಕಾಕಾರದ ಅಲೆ ಕೊಟ್ಟರೆ ರೂಪ ಕೆಡಬಹುದು, ತ್ರಿಕೋನದ ಅಲೆ ಕೊಟ್ಟರೆ ರೂಪ ಕೆಡಬಹುದು. ಶುದ್ಧವಾದ ಸೈನ್ ಅಲೆಯು ಮಾತ್ರ ಸೈನ್ ಅಲೆಯಾಗಿಯೇ ಹೊರಬರುತ್ತದೆ. ಗಣಿತಜ್ಞರು ಸೈನ್ ಅಲೆಗಳನ್ನೇ ಹಿಡಿದುಕೊಂಡು ಕುಳಿತದ್ದು ಇದಕ್ಕಾಗಿ. ಪ್ರತಿಯೊಂದು ಅಲೆಗೂ ಎಷ್ಟು ತಗ್ಗು, ಎಷ್ಟು ತಡ ಎಂಬ ಎರಡು ಅಂಕಿಗಳನ್ನು ಬರೆದಿಟ್ಟುಕೊಂಡರೆ ಕನ್ವಲ್ಯೂಷನ್ನಿನ ದೀರ್ಘವಾದ ಕೂಡಿಕೆಯು ಸರಳವಾದ ಗುಣಾಕಾರಕ್ಕೆ ಇಳಿಯುತ್ತದೆ. ಲಾಪ್ಲಾಸ್ ಪರಿವರ್ತನೆ ಮತ್ತು ಜಡ್ ಪರಿವರ್ತನೆಗಳು ಇದೇ ವಿಚಾರದ ವಿಸ್ತಾರಗಳು. ಅವನ್ನು ಹೊಸ ವಿಷಯಗಳೆಂದು ಭಾವಿಸಿ ಬೆದರಬೇಕಾದ ಕಾರಣವಿಲ್ಲ.

ಕೊನೆಯದಾಗಿ ಉಳಿಯುವುದು ಬಿಡಿ ಸಂಕೇತಗಳ ಪ್ರಕರಣ. ಗಣಕಯಂತ್ರಕ್ಕೆ ನಿರಂತರವಾದ ಅಲೆಯನ್ನು ಹಾಗೆಯೇ ಉಣಿಸಲಾಗದು. ನಿಯತ ಅಂತರಗಳಲ್ಲಿ ಅದರ ಬೆಲೆಯನ್ನು ಅಳೆದು ಅಂಕಿಗಳ ಸಾಲನ್ನು ಕೊಡಬೇಕು. ಇದಕ್ಕೆ ‘ಸ್ಯಾಂಪ್ಲಿಂಗ್’ ಎಂದು ಹೆಸರು. ಎಷ್ಟು ದಟ್ಟವಾಗಿ ಅಳೆದರೆ ಸಾಕು? ಹ್ಯಾರಿ ನೈಕ್ವಿಸ್ಟನು ೧೯೨೮ರಲ್ಲಿ ತಂತಿವಾರ್ತೆಯ ಸಂದರ್ಭದಲ್ಲಿ ಇದರ ಎಲ್ಲೆಯನ್ನು ಕಂಡನು. ಕ್ಲಾಡ್ ಶಾನನ್ನನು ೧೯೪೯ರಲ್ಲಿ ಪ್ರಕಟವಾದ ಲೇಖನದಲ್ಲಿ ಅದನ್ನು ಸ್ಪಷ್ಟವಾದ ಪ್ರಮೇಯವನ್ನಾಗಿ ನಿರೂಪಿಸಿದನು. ಸಂಕೇತದಲ್ಲಿರುವ ಅತ್ಯಂತ ವೇಗದ ಅಲೆಯ ಆವೃತ್ತಿಯ ಇಮ್ಮಡಿಗಿಂತ ಹೆಚ್ಚು ಸಲ ಅಳೆಯಬೇಕೆಂಬುದು ಅದರ ಸಾರ.

ಇಳಕಲ್ಲಿನ ನೇಕಾರರ ಮನೆಯಲ್ಲಿ ಬೆಳೆದ ವಿದ್ಯಾರ್ಥಿಗೆ ಇದು ಕಣ್ಣೆದುರಿನ ಸಂಗತಿ. ಲಾಳಿಯು ಒಮ್ಮೆ ಹಾಯ್ದರೆ ಹಾಸಿನ ಎಳೆಗಳ ನಡುವೆ ಹೊಕ್ಕಿನ ಒಂದು ಎಳೆ ಕೂಡುತ್ತದೆ. ಮೂರನೆಯ ಎಳೆಯುಂಟು, ನಾಲ್ಕನೆಯ ಎಳೆಯುಂಟು. ಮೂರೂವರೆಯನೆಯ ಎಳೆ ಎಂಬುದಿಲ್ಲ. ಬಿಡಿ ಸಂಕೇತದಲ್ಲಿ ‘ಎನ್’ ಎಂಬ ಅಕ್ಷರವು ಪೂರ್ಣಾಂಕವೇ ಆಗಿರಬೇಕೆಂಬ ನಿಯಮವೂ ಇದುವೇ. ಸೆರಗಿನಲ್ಲಿ ಕೆಂಪು ಬಿಳಿ ಪಟ್ಟೆಗಳನ್ನು ಎಷ್ಟು ಕಿರಿದಾಗಿ ನೇಯಬಹುದು? ಒಂದು ಎಳೆ ಕೆಂಪು, ಒಂದು ಎಳೆ ಬಿಳಿ. ಅದಕ್ಕಿಂತ ಕಿರಿದು ಸಾಧ್ಯವಿಲ್ಲ. ಒಂದು ಆವರ್ತಕ್ಕೆ ಎರಡು ಎಳೆ ಎಂಬುದೇ ನೈಕ್ವಿಸ್ಟನ ಎಲ್ಲೆ.

ಎಲ್ಲೆ ಮೀರಿದರೆ ಏನಾಗುವುದು? ಎಳೆಗಳ ನಡುವಿನ ಅಂತರ ೧ ಮಿಲಿಮೀಟರ್ ಎಂದೂ, ಕಾಗದದ ಮೇಲೆ ಬರೆದ ಪಟ್ಟೆಯ ಆವರ್ತವು ೧.೨೫ ಮಿಲಿಮೀಟರ್ ಎಂದೂ, ಅದರಲ್ಲಿ ಮೊದಲರ್ಧ ಕೆಂಪು, ಉಳಿದರ್ಧ ಬಿಳಿಯೆಂದೂ ಇಟ್ಟುಕೊಳ್ಳೋಣ. ೦, ೧, ೨, ೩, ೪ ಮಿಲಿಮೀಟರುಗಳ ಸ್ಥಾನದಲ್ಲಿ ಕಾಗದದ ಬಣ್ಣವನ್ನು ನೋಡಿ ಎಳೆ ಹಾಕಿದರೆ ಕೆಂಪು, ಬಿಳಿ, ಬಿಳಿ, ಕೆಂಪು, ಕೆಂಪು ಎಂದು ಬರುತ್ತದೆ; ಐದನೆಯದರಿಂದ ಅದೇ ಸರಣಿ ಮತ್ತೆ ಆರಂಭ. ಬಟ್ಟೆಯ ಮೇಲೆ ಕಾಣುವುದು ಮೂರು ಎಳೆ ಕೆಂಪು, ಎರಡು ಎಳೆ ಬಿಳಿಯ, ೫ ಮಿಲಿಮೀಟರ್ ಆವರ್ತದ ದಪ್ಪ ಪಟ್ಟೆ. ಕಾಗದದಲ್ಲಿ ಅಂತಹ ಪಟ್ಟೆ ಇರಲೇ ಇಲ್ಲ. ವೇಗದ ಅಲೆಯು ನಿಧಾನದ ಅಲೆಯ ವೇಷ ತೊಟ್ಟು ಬಂದಿದೆ. ‘ಏಲಿಯಾಸಿಂಗ್’ ಎಂಬ ಈ ದೋಷದ ಕೇಡು ಎಲ್ಲಿದೆಯೆಂದರೆ, ಬಟ್ಟೆಯೊಂದನ್ನೇ ಪರೀಕ್ಷಿಸಿದವನಿಗೆ ಅದು ಮೂಲದಲ್ಲಿಯೇ ೫ ಮಿಲಿಮೀಟರಿನ ಪಟ್ಟೆಯಾಗಿತ್ತೋ ಇಲ್ಲವೋ ಎಂದು ಹೇಳಲು ಯಾವ ಉಪಾಯವೂ ಇಲ್ಲ. ನೇಯ್ದ ಮೇಲೆ ತಿದ್ದಲಾಗದು, ಅಳೆದ ಮೇಲೆ ತಿದ್ದಲಾಗದು.

ಅದಕ್ಕಾಗಿ ಅಳೆಯುವುದಕ್ಕೆ ಮೊದಲೇ ಎಲ್ಲೆ ಮೀರಿದ ಅಲೆಗಳನ್ನು ಸೋಸಿ ತೆಗೆಯಬೇಕು. ಅಂಕಿಗಳ ದೂರವಾಣಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ ೮೦೦೦ ಸಲ ಅಳೆಯುವ ಪದ್ಧತಿ ಬಂದಾಗ, ೪೦೦೦ ಆವರ್ತಗಳ ಎಲ್ಲೆಯ ಒಳಗೆ, ಸುಮಾರು ೩೪೦೦ಕ್ಕೇ ಧ್ವನಿಯನ್ನು ಕತ್ತರಿಸುವ ಶೋಧಕವನ್ನು ಮುಂಚಿತವಾಗಿ ಇಡಲಾಯಿತು. ಸಕಾರ ಷಕಾರಗಳ ಸೂಕ್ಷ್ಮವು ಫೋನಿನಲ್ಲಿ ಮಂಕಾಗಿ ಕೇಳುವುದಕ್ಕೆ ಅದೂ ಒಂದು ಕಾರಣ. ಮಗ್ಗದಲ್ಲಿ ಅದೇ ಕೆಲಸವನ್ನು ನಕ್ಷೆಯವನು ಚೌಕಳಿ ಹಾಳೆಯ ಮೇಲೆ ಮಾಡುತ್ತಾನೆ: ಒಂದು ಎಳೆಗೆ ಒಂದು ಚೌಕ, ಚೌಕಕ್ಕಿಂತ ಸಣ್ಣದನ್ನು ಅವನು ಬರೆಯುವುದೇ ಇಲ್ಲ.